ಬೈನರಿ ಸ್ಟ್ರಿಂಗನ್ನ ಇಂಟಿಜರ್ ಮಾಡೋದು ಹೆಂಗೆ: ಕೈಲೆಕ್ಕದಿಂದ ಕೋಡ್‌ವರೆಗೂ ಸಮಗ್ರ ಮಾರ್ಗದರ್ಶಿ

ನಿಮ್ಮ ಹತ್ರ '101101' ಅಂತ ಒಂದು ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಇದೆ ಅಂದ್ಕೊಳ್ಳಿ. ಫೈಲಿಂದ ಓದಿದ್ದಿರಬಹುದು, ಯಾರೋ ಫಾರ್ಮಲ್ಲಿ ಟೈಪ್ ಮಾಡಿದ್ದಿರಬಹುದು, ಯಾವ್ದೋ ಸೆನ್ಸರ್ ಕಳಿಸಿದ್ದಿರಬಹುದು. ನಮಗೆ ಇದು ಬೈನರಿ, ಇದರ ಬೆಲೆ 45 ಅಂತ ಹೊಳೆಯತ್ತೆ, ಆದ್ರೆ ಪ್ರೋಗ್ರಾಮಿಗೆ ಅದು ಬರೀ ಆರು ಅಕ್ಷರ. ಅದಕ್ಕೆ 1 ಕೂಡಿಸಿ ನೋಡಿ, ಜಾವಾಸ್ಕ್ರಿಪ್ಟಲ್ಲಾದ್ರೆ ಕೊನೇಲಿ ಇನ್ನೊಂದು ಅಕ್ಷರ ಅಂಟ್ಕೊಂಡು '1011011' ಆಗತ್ತೆ, ಪೈಥಾನಲ್ಲಾದ್ರೆ ಎರರ್ ಬರತ್ತೆ. ಸರಿ ಮೊದ್ಲು ಇಂಟಿಜರ್ (ಪೂರ್ಣಾಂಕ) ಮಾಡೋಣ ಅಂತ ಪೈಥಾನಲ್ಲಿ ಇಂಟ್('101101') ಅಂತ ಹಾಕಿದ್ರೆ ಎರರ್ ಏನೂ ಬರಲ್ಲ, ಆದ್ರೆ ಸಿಗೋದು ಒಂದು ಲಕ್ಷದ ಒಂದು ಸಾವಿರದ ನೂರ ಒಂದು, ಯಾಕಂದ್ರೆ ಬೇಸ್ ಎಷ್ಟು, ಅಂದ್ರೆ ಪ್ರತಿ ಸ್ಥಾನಕ್ಕೂ ಬೆಲೆ ಎಷ್ಟು ಪಟ್ಟು ಏರತ್ತೆ ಅಂತ ನಾವು ಹೇಳ್ಲಿಲ್ಲ, ಅದು ಹತ್ತು ಅಂದ್ಕೊಳ್ತು.

ನಾನು ಈ ಮಾರ್ಗದರ್ಶಿ ಪೂರ್ತಿ ಹೇಳೋಕೆ ಹೊರಟಿರೋದು ಇದನ್ನೇ. ಸ್ಟ್ರಿಂಗಲ್ಲಿ ಇರೋದು ಸೊನ್ನೆ ಒಂದುಗಳು ಮಾತ್ರ. ಬೇಸ್ ಎಷ್ಟು, ಎಷ್ಟು ಬಿಟ್ (ಒಂದು ಸೊನ್ನೆ ಇಲ್ಲಾ ಒಂದು ಕೂರೋ ಜಾಗ) ಅಗಲ, ಮೊದಲ ಬಿಟ್ ಮೈನಸ್ ಚಿಹ್ನೆನಾ ಅಲ್ವಾ, ಯಾವ ತುದಿಯಿಂದ ಓದ್ಬೇಕು, ಇದ್ಯಾವ್ದೂ ಅದರೊಳಗೆ ಬರೆದಿರಲ್ಲ, ಅಷ್ಟನ್ನೂ ನಾವೇ ಹೊರಗಿಂದ ತಂದು ಕೊಡ್ಬೇಕು. ಕನ್ವರ್ಟ್ ಮಾಡೋಕೆ ಒಂದೇ ಸಾಲು ಸಾಕು, ಆದ್ರೆ ತಪ್ಪುಗಳು ಹುಟ್ಟೋದೆಲ್ಲ ನಾವು ಹೇಳದೇ ಬಿಟ್ಟ ಈ ವಿಷಯಗಳಲ್ಲೇ.

ಒಂದು ಸೂಚನೆ: ಕೆಳಗೆ ಫಂಕ್ಷನ್ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದೀನಿ. ನಿಜವಾದ ಕೋಡಲ್ಲಿ ಅದೇ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ.

ಹಂತ 1: ಮೊದ್ಲು ಪೇಪರ್ ಮೇಲೆ ಮಾಡಿ

ಶಾಲೆಲಿ ಕಲಿತ ಬಿಡಿ, ಹತ್ತು, ನೂರು, ಸಾವಿರ ನೆನಪಿದೆಯಲ್ವಾ, ಪ್ರತಿ ಸ್ಥಾನಕ್ಕೂ ಬೆಲೆ ಹತ್ತು ಪಟ್ಟು ಜಾಸ್ತಿ ಆಗ್ತಾ ಹೋಗತ್ತೆ. ಬೈನರಿಲೂ ಅಷ್ಟೇ, ಹತ್ತು ಪಟ್ಟಿನ ಬದಲು ಎರಡು ಪಟ್ಟು: ಬಲಗಡೆಯಿಂದ 1, 2, 4, 8, 16, 32. ಹಾಗಾಗಿ 101101 ಅಂದ್ರೆ 32 ಇದೆ, 16 ಇಲ್ಲ, 8 ಇದೆ, 4 ಇದೆ, 2 ಇಲ್ಲ, 1 ಇದೆ. ಕೂಡಿದ್ರೆ 45.

ಇದು ಸರಿಯಾದ ದಾರಿನೇ, ಆದ್ರೆ ಕೋಡ್ ಬರೆಯೋಕೆ ಸ್ವಲ್ಪ ಕಿರಿಕಿರಿ, ಯಾಕಂದ್ರೆ ಸ್ಟ್ರಿಂಗ್ ಉದ್ದ ಮೊದ್ಲೇ ಗೊತ್ತಿರ್ಬೇಕು, ಯಾವ ಸ್ಥಾನಕ್ಕೆ ಎರಡರ ಎಷ್ಟನೇ ಘಾತ ಅಂತ ಲೆಕ್ಕ ಇಟ್ಕೋಬೇಕು, ಅಲ್ಲಿ ಒಂದು ಸ್ಥಾನ ಆಚೆ ಈಚೆ ಆದ್ರೆ ಉತ್ತರ ಪೂರ್ತಿ ಡಬಲ್ ಆಗತ್ತೆ ಇಲ್ಲಾ ಅರ್ಧ ಆಗತ್ತೆ. ನನಗೆ ಇಷ್ಟವಾದ ದಾರಿ ಬೇರೆ, ಎಡದಿಂದ ಓದ್ಕೊಂಡು ಹೋಗೋದು. ಕೈಯಲ್ಲಿ ಸೊನ್ನೆ ಇಟ್ಕೊಂಡು ಶುರು ಮಾಡಿ, ಹೊಸ ಅಂಕಿ ಕಂಡಾಗೆಲ್ಲ ಕೈಲಿರೋದನ್ನ ಎರಡರಿಂದ ಗುಣಿಸಿ, ಆ ಅಂಕಿ ಕೂಡಿ, ಮುಂದಕ್ಕೆ ಹೋಗಿ.

101101ಕ್ಕೆ ಮಾಡಿ ನೋಡೋಣ:

1 ಕಂಡ್ರೆ 0 × 2 + 1 = 1
0 ಕಂಡ್ರೆ 1 × 2 + 0 = 2
1 ಕಂಡ್ರೆ 2 × 2 + 1 = 5
1 ಕಂಡ್ರೆ 5 × 2 + 1 = 11
0 ಕಂಡ್ರೆ 11 × 2 + 0 = 22
1 ಕಂಡ್ರೆ 22 × 2 + 1 = 45

ಘಾತ ಬೇಡ, ಉದ್ದ ಬೇಡ, ಸ್ಟ್ರಿಂಗ್ ಎಲ್ಲಿ ಮುಗಿಯತ್ತೋ ಅಲ್ಲಿ ಉತ್ತರ ರೆಡಿ. ನಡುವೆ ಎಲ್ಲಿ ನಿಲ್ಲಿಸಿದ್ರೂ ಅಲ್ಲಿವರೆಗಿನ ಅಂಕಿಗಳ ಬೆಲೆ ಕೈಲಿರತ್ತೆ, ಮೂರನೇ ಸಾಲಲ್ಲಿರೋ 5 ಇದೆಯಲ್ಲ ಅದು 101ರ ಬೆಲೆ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಒಂದು ಕಡೆ ಇದೇ ನಮ್ಮನ್ನ ಕಾಡತ್ತೆ. ಈ ವಿಧಾನಕ್ಕೆ ಹಾರ್ನರ್ ವಿಧಾನ ಅಂತಾರೆ, 1819ರಲ್ಲಿ ಲೇಖನ ಬರೆದ ಇಂಗ್ಲೆಂಡಿನ ವಿಲಿಯಂ ಜಾರ್ಜ್ ಹಾರ್ನರ್ ಹೆಸರು ಅದಕ್ಕೆ ಅಂಟ್ಕೊಂಡಿದೆ, ಆದ್ರೆ ಅವರಿಗಿಂತ ಎಷ್ಟೋ ಮುಂಚೆನೇ ಚೀನಾದಲ್ಲೂ ಪರ್ಷಿಯಾದಲ್ಲೂ ಗಣಿತದವರಿಗೆ ಇದು ಗೊತ್ತಿತ್ತು.

ದಯವಿಟ್ಟು ಈ ಹಂತ ಬಿಟ್ಟು ಮುಂದೆ ಹೋಗ್ಬೇಡಿ, ಎರಡ್ಮೂರು ಸಂಖ್ಯೆ ಕೈಯಲ್ಲೇ ಮಾಡಿ. ಕೋಡ್ ತಪ್ಪಾದಾಗ ಎಲ್ಲಿ ತಪ್ಪಾಯ್ತು ಅಂತ ಕಣ್ಣಿಗೆ ಕಾಣೋದು ಹೀಗೆ ಕೈಯಲ್ಲಿ ಮಾಡಿದವರಿಗೇ.

ಹಂತ 2: ಇದನ್ನೇ ಲೂಪಲ್ಲಿ ಬರೆಯೋದು

ಯಾವ ಭಾಷೆ ಆದ್ರೂ ಆಕಾರ ಇಷ್ಟೇ:

ಮೊತ್ತ = 0
ಸ್ಟ್ರಿಂಗಿನ ಪ್ರತಿ ಅಕ್ಷರಕ್ಕೂ, ಎಡದಿಂದ:
    ಅಂಕಿ = ಅಕ್ಷರದ ಕೋಡ್ - 48
    ಅಂಕಿ 0 ಅಥವಾ 1 ಅಲ್ಲದಿದ್ರೆ: ಎರರ್ ಕೊಟ್ಟು ನಿಲ್ಲಿಸು
    ಮೊತ್ತ = ಮೊತ್ತ * 2 + ಅಂಕಿ
ಮೊತ್ತ ವಾಪಸ್ ಕೊಡು

ಆ 48 ಎಲ್ಲಿಂದ ಬಂತು ಅಂತ ಹೊಸಬರು ತುಂಬಾ ಜನ ಕೇಳ್ತಾರೆ. ಸ್ಟ್ರಿಂಗಲ್ಲಿರೋ '0' ಅನ್ನೋ ಅಕ್ಷರ ಮೆಮೊರಿಲಿ ಸೊನ್ನೆ ಆಗಿ ಕೂತಿರಲ್ಲ, ಆಸ್ಕಿ ಪಟ್ಟಿ ಪ್ರಕಾರ ಅದರ ಕೋಡ್ 48, '1' ಅಕ್ಷರದ್ದು 49. 48 ಕಳೆದಾಗ್ಲೇ ಅಕ್ಷರ ಹೋಗಿ ಸಂಖ್ಯೆ ಬರೋದು. ಸಿ ಭಾಷೆಲಿ, ಜಾವಾದಲ್ಲಿ ಬರೆಯೋರು 48 ಅಂತ ನೇರ ಹಾಕೋ ಬದಲು ಅಕ್ಷರದಿಂದ '0' ಅನ್ನೋ ಅಕ್ಷರವನ್ನೇ ಕಳೀತಾರೆ, ಅದೇ ಒಳ್ಳೇದು, ಓದೋರಿಗೆ ಉದ್ದೇಶ ಏನಂತ ತಕ್ಷಣ ತಿಳಿಯತ್ತೆ.

ಕಳೆಯೋದು ಮರೆತ್ರೆ ಏನಾಗತ್ತೆ ಅಂತ ಹತ್ತಿರದಿಂದ ನೋಡಿ. '101' ಕೊಟ್ರೆ ಮೊದಲು 49, ಆಮೇಲೆ 49 × 2 + 48 = 146, ಆಮೇಲೆ 146 × 2 + 49 = 341. ಬರ್ಬೇಕಾಗಿದ್ದು 5. ವ್ಯತ್ಯಾಸ 336, ಅದು ಸರಿಯಾಗಿ 48 × 7. ಯಾಕೆ 7 ಅಂದ್ರೆ ಮೂರು ಸ್ಥಾನದ ಬೆಲೆಗಳು 4, 2, 1 ಕೂಡಿದ್ರೆ 7, ಪ್ರತಿ ಸ್ಥಾನದಲ್ಲೂ 48 ಜಾಸ್ತಿ ಸೇರಿದೆ. ನಿಮ್ಮ ಉತ್ತರ ವಿಚಿತ್ರವಾಗಿ ದೊಡ್ಡದಾಗಿದ್ರೆ, ಅದರಿಂದ ಸರಿ ಉತ್ತರ ಕಳೆದು 48ರಿಂದ ಭಾಗಿಸಿ ನೋಡಿ, ಶೇಷ ಇಲ್ದೇ ಹೋದ್ರೆ ತಪ್ಪು ಇಲ್ಲೇ ಇರೋದು ಬಹುತೇಕ ಖಚಿತ.

ಗುಣಾಕಾರದ ಬದಲು ಬಿಟ್ ಶಿಫ್ಟ್ ಬಳಸಿದ ಕೋಡನ್ನೂ ನೋಡಿರ್ತೀರ:

ಮೊತ್ತ = (ಮೊತ್ತ << 1) | ಅಂಕಿ

ಎಡಕ್ಕೆ ಒಂದು ಸ್ಥಾನ ಸರಿಸೋದು ಅಂದ್ರೆ ಎರಡರಿಂದ ಗುಣಿಸಿದ ಹಾಗೆ, ಸರಿಸಿದ ಮೇಲೆ ಬಲತುದಿಲಿ ಖಾಲಿ ಆದ ಜಾಗಕ್ಕೆ ಅಂಕಿ ಕೂರಿಸೋದು. ಓದೋಕೆ ಚಂದ, ಉತ್ತರನೂ ಅದೇ. ಆದ್ರೆ ಜಾವಾಸ್ಕ್ರಿಪ್ಟಲ್ಲಿ ಇದನ್ನ ಹಾಕ್ಬೇಡಿ. ಅಲ್ಲಿ ಶಿಫ್ಟ್ ಮಾಡಿದ ತಕ್ಷಣ ಸಂಖ್ಯೆ 32 ಬಿಟ್‌ಗೆ ಕತ್ತರಿಸಿ ಹೋಗತ್ತೆ, 32 ಒಂದುಗಳಿರೋ ಸ್ಟ್ರಿಂಗ್ ಕೊಟ್ರೆ ಗುಣಿಸೋ ಕೋಡ್ 4294967295 ಅನ್ನತ್ತೆ, ಶಿಫ್ಟ್ ಮಾಡೋ ಕೋಡ್ -1 ಅನ್ನತ್ತೆ.

ಹಂತ 3: ಭಾಷೆಯಲ್ಲೇ ಇರೋ ಫಂಕ್ಷನ್ ಬಳಸಿ

ಲೂಪ್ ಅರ್ಥ ಆದ್ಮೇಲೆ ದಿನನಿತ್ಯದ ಕೆಲಸಕ್ಕೆ ಭಾಷೆ ಕೊಟ್ಟಿರೋ ಫಂಕ್ಷನ್ನೇ ಬಳಸ್ಬೇಕು, ಅದು ಪರೀಕ್ಷೆ ಆಗಿರತ್ತೆ, ವೇಗವಾಗೂ ಇರತ್ತೆ.

ಪೈಥಾನ್: ಇಂಟ್('101101', 2). ಎರಡನೇ ಜಾಗದಲ್ಲಿರೋ 2 ಬೇಸ್. ಅಕ್ಕಪಕ್ಕದ ಸ್ಪೇಸ್, ಹೊಸ ಸಾಲಿನ ಗುರುತು ಇದ್ರೆ ತಾನೇ ತೆಗೆದು ಹಾಕತ್ತೆ, ಮುಂದೆ ಮೈನಸ್ ಇದ್ರೆ ಒಪ್ಪತ್ತೆ, ಮುಂದೆ ಇದು ಬೈನರಿ ಅಂತ ಹೇಳೋ 0ಬಿ ಅನ್ನೋ ಗುರುತಿದ್ರೂ ಒಪ್ಪತ್ತೆ, 3.6 ಆವೃತ್ತಿಯಿಂದ ನಡುವೆ ಅಂಡರ್‌ಸ್ಕೋರ್ ಇದ್ರೂ ಒಪ್ಪತ್ತೆ. ಅಂಕಿಗಳ ನಡುವೆ ಸ್ಪೇಸ್ ಇದ್ರೆ ಮಾತ್ರ ವ್ಯಾಲ್ಯೂಎರರ್. ಬೇಸ್ ಜಾಗದಲ್ಲಿ 0 ಹಾಕಿದ್ರೆ ಮುಂದಿನ 0ಬಿ ಗುರುತು ನೋಡಿ ಬೇಸ್ ತಾನೇ ಕಂಡ್ಕೊಳ್ಳತ್ತೆ.

ಜಾವಾಸ್ಕ್ರಿಪ್ಟ್: ಪಾರ್ಸ್‌ಇಂಟ್('101101', 2). ಇದರ ಬಗ್ಗೆ ಕೆಳಗೆ ತುಂಬಾ ಹೇಳೋದಿದೆ.

ಜಾವಾ: ಇಂಟಿಜರ್.ಪಾರ್ಸ್‌ಇಂಟ್("101101", 2). ಇದು ಕಟ್ಟುನಿಟ್ಟು, ಸುತ್ತ ಒಂದು ಸ್ಪೇಸ್ ಇದ್ರೂ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್ ಎಸೀತದೆ, 0ಬಿ ಗುರುತೂ ನಡೆಯಲ್ಲ.

ಸಿ: ಎಸ್‌ಟಿಆರ್‌ಟಿಓಎಲ್ ಫಂಕ್ಷನ್, ಮೂರನೇ ಜಾಗದಲ್ಲಿ ಬೇಸ್ 2. ಎರಡನೇ ಜಾಗದಲ್ಲಿ ಒಂದು ಪಾಯಿಂಟರ್ ಕೊಡ್ಬೇಕು, ಓದೋದು ಎಲ್ಲಿ ನಿಂತಿತು ಅಂತ ಅದು ಹೇಳತ್ತೆ. ತುಂಬಾ ಜನ ಅಲ್ಲಿ ನಲ್ ಹಾಕಿ ಬಿಡ್ತಾರೆ, ಹಂಗೆ ಮಾಡ್ಬೇಡಿ, ಆ ಪಾಯಿಂಟರ್ ಸ್ಟ್ರಿಂಗಿನ ಕೊನೇಗೆ ಬಂದಿದೆಯಾ ಅಂತ ನೋಡಿದ್ರೆ ಮಾತ್ರ ಪೂರ್ತಿ ಓದಿದೆ ಅಂತ ಗೊತ್ತಾಗೋದು. ಎಟಿಓಐ ಇದೆಯಲ್ಲ ಅದು ಬೇಸ್ ಹತ್ತು ಮಾತ್ರ, ಇಲ್ಲಿ ಕೆಲಸಕ್ಕೆ ಬರಲ್ಲ.

ಗೋ ಭಾಷೆಲಿ ಪಾರ್ಸ್‌ಇಂಟ್‌ಗೆ ಬೇಸ್ ಜೊತೆ ಬಿಟ್ ಅಗಲನೂ ಕೊಡ್ಬೇಕು, ನನಗೆ ಇದು ತುಂಬಾ ಹಿಡಿಸತ್ತೆ, ಅಗಲದ ಬಗ್ಗೆ ಯೋಚ್ನೆ ಮಾಡದೇ ಇರೋಕೆ ಬಿಡೋದೇ ಇಲ್ಲ. ರಸ್ಟಲ್ಲಿ ಫ್ರಮ್_ಸ್ಟ್ರ್_ರೇಡಿಕ್ಸ್, ಅಗಲ ಟೈಪಿನ ಹೆಸರಲ್ಲೇ ಇರತ್ತೆ. ರೂಬಿಲಿ ಟು_ಐ(2), ಪಿಎಚ್‌ಪಿಲಿ ಬಿನ್‌ಡೆಕ್. ಬ್ಯಾಶ್ ಶೆಲ್ಲಲ್ಲಿ ಫಂಕ್ಷನ್ನೇ ಬೇಡ, $((2#101101)) ಅಂದ್ರೆ 45. ಎಕ್ಸೆಲಲ್ಲಿ ಬಿನ್2ಡೆಕ್ ಇದೆ, ಆದ್ರೆ ಅದು 10 ಅಂಕಿಗಿಂತ ಜಾಸ್ತಿ ತಗೊಳ್ಳಲ್ಲ, ಮತ್ತೆ ಪೂರ್ತಿ 10 ಅಂಕಿ ಕೊಟ್ರೆ ಮೊದಲ ಬಿಟ್ಟನ್ನ ಮೈನಸ್ ಅಂತ ಓದತ್ತೆ, ಹತ್ತು ಒಂದುಗಳಿಗೆ 1023 ಬರಲ್ಲ, -1 ಬರತ್ತೆ.

ಒಂದು ಕೆಟ್ಟ ದಾರಿನೂ ಚಾಲ್ತಿಯಲ್ಲಿದೆ, ಸ್ಟ್ರಿಂಗ್ ಮುಂದೆ 0ಬಿ ಅಂಟಿಸಿ ಇವ್ಯಾಲ್ ಫಂಕ್ಷನ್‌ಗೆ ಕೊಟ್ಟು ಓಡಿಸೋದು. ಉತ್ತರ ಬರತ್ತೆ ನಿಜ, ಆದ್ರೆ ಆ ಸ್ಟ್ರಿಂಗ್ ಹೊರಗಿನವರು ಟೈಪ್ ಮಾಡಿದ್ದಾದ್ರೆ ಅವರು ಬರೆದ ಕೋಡನ್ನ ನಿಮ್ಮ ಮಷೀನಲ್ಲಿ ನೀವೇ ಓಡಿಸಿಕೊಟ್ಟ ಹಾಗೆ. ಯಾವತ್ತೂ ಬೇಡ.

ಹಂತ 4: ಕೊಟ್ಟಿರೋ ಸ್ಟ್ರಿಂಗ್ ನಿಜವಾಗ್ಲೂ ಬೈನರಿನಾ ಅಂತ ಮೊದ್ಲೇ ನೋಡಿ

ಇಲ್ಲಿ ನಾನು ನಿಧಾನ ಮಾಡ್ತೀನಿ, ಯಾಕಂದ್ರೆ ನನ್ನ ಕೆಲಸದಲ್ಲಿ ಅತಿ ಹೆಚ್ಚು ಸಮಯ ಹೋಗಿದ್ದು ಇಲ್ಲೇ. ಒಂದು ಕಡೆ ಕೆಲಸ ಮಾಡ್ತಿದ್ದಾಗ ಎಂಟು ಸ್ವಿಚ್‌ಗಳ ಸ್ಥಿತಿನ ಎಂಟು ಅಂಕಿಯ ಸ್ಟ್ರಿಂಗಾಗಿ ಬರ್ದಿಟ್ಟಿದ್ದ ಹಳೇ ಪಟ್ಟಿ ಇತ್ತು, ಪ್ರಿಂಟ್ ಆದ ಹಾಳೆಗಳನ್ನ ಸ್ಕ್ಯಾನ್ ಮಾಡಿ ತೆಗ್ದಿದ್ದು. ಜಾವಾಸ್ಕ್ರಿಪ್ಟಲ್ಲಿ ಪಾರ್ಸ್‌ಇಂಟ್ ಹಾಕಿ ಓಡಿಸ್ದೆ, ಒಂದೂ ಎರರ್ ಇಲ್ಲ, ಎಲ್ಲಾ ಸಾಲಿಗೂ ಸಂಖ್ಯೆ ಬಂತು, ಖುಷಿಯಾಗಿ ಮುಂದಿನವರಿಗೆ ಕೊಟ್ಟೂ ಬಿಟ್ಟೆ. ನಾಲ್ಕು ದಿನ ಆದ್ಮೇಲೆ ಒಬ್ರು ಬಂದು ಕೇಳಿದ್ರು, ಇಲ್ಲಿ 166 ಇರ್ಬೇಕಿತ್ತು, 5 ಯಾಕಿದೆ ಅಂತ. ಆ ಸಾಲು 10100110 ಆಗ್ಬೇಕಿತ್ತು. ಕಣ್ಣಿಗೆ ಹಾಗೇ ಕಾಣ್ತಿತ್ತು ಕೂಡ. ಆದ್ರೆ ನಾಲ್ಕನೇ ಜಾಗದಲ್ಲಿದ್ದಿದ್ದು ಸೊನ್ನೆ ಅಲ್ಲ, ಸ್ಕ್ಯಾನಿಂಗಲ್ಲಿ ಬದಲಾಗಿ ಹೋಗಿದ್ದ ಇಂಗ್ಲಿಷಿನ ದೊಡ್ಡ ಓ ಅಕ್ಷರ. ಪಾರ್ಸ್‌ಇಂಟ್ 101 ತನಕ ಓದಿ, ಗೊತ್ತಿಲ್ಲದ ಅಕ್ಷರ ಕಂಡ ಕೂಡ್ಲೇ ಅಲ್ಲೇ ನಿಂತು, ಕೈಲಿದ್ದ 5ನ್ನ ಸುಮ್ನೆ ಕೊಟ್ಬಿಟ್ಟಿತ್ತು. ಮೊದಲನೇ ಹಂತದಲ್ಲಿ ಹೇಳಿದ್ನಲ್ಲ, ಎಲ್ಲಿ ನಿಲ್ಲಿಸಿದ್ರೂ ಅಲ್ಲಿವರೆಗಿನ ಬೆಲೆ ಕೈಲಿರತ್ತೆ ಅಂತ, ಅದು ಇಲ್ಲಿ ಹೀಗೆ ಕಾಡ್ತು. ಪಟ್ಟಿ ಪೂರ್ತಿ ಮತ್ತೆ ಹುಡುಕಿ ಸರಿ ಮಾಡೋಕೆ ಎರಡು ದಿನ ಹಿಡೀತು.

ಇದು ಪಾರ್ಸ್‌ಇಂಟಿನ ದೋಷ ಅಲ್ಲ, ಅದನ್ನ ಮಾಡಿರೋದೇ ಹಾಗೆ. '1012' ಕೊಟ್ರೂ 5, '0ಬಿ1011' ಕೊಟ್ರೆ ಮೊದಲ ಸೊನ್ನೆ ಓದಿ ಬಿ ಹತ್ರ ನಿಂತು 0 ಕೊಡತ್ತೆ. ರೂಬಿಯ ಟು_ಐ ಕೂಡ ಹೀಗೇ ಅರ್ಧಕ್ಕೆ ನಿಲ್ಲತ್ತೆ, ಅಲ್ಲಿ ಕಟ್ಟುನಿಟ್ಟು ಬೇಕಾದ್ರೆ ಇಂಟಿಜರ್('1012', 2) ಅಂತ ಕರೀಬೇಕು, ಅದು ಎರರ್ ಎಸೀತದೆ. ಸಿ ಭಾಷೆದೂ ಅರ್ಧಕ್ಕೆ ನಿಲ್ಲತ್ತೆ. ಪಿಎಚ್‌ಪಿದು ಇನ್ನೂ ಅಪಾಯ, ಗೊತ್ತಿಲ್ಲದ ಅಕ್ಷರನ ಹಾರಿಸಿ ಮುಂದಿನದನ್ನ ಓದ್ಕೊಂಡು ಹೋಗತ್ತೆ, 7.4 ಆವೃತ್ತಿಯಿಂದ ಒಂದು ಎಚ್ಚರಿಕೆ ತೋರ್ಸತ್ತೆ ಅಷ್ಟೇ.

ಹಾಗಾಗಿ ಕನ್ವರ್ಟ್ ಮಾಡೋಕೆ ಮುಂಚೆ ಈ ಚಿಕ್ಕ ರೆಗೆಕ್ಸ್‌ನಿಂದ (ಸ್ಟ್ರಿಂಗ್ ಹೇಗಿರ್ಬೇಕು ಅಂತ ಹೇಳೋ ಮಾದರಿ) ನೋಡ್ಬಿಡಿ:

^[01]+$

ಶುರುವಿಂದ ಕೊನೆವರೆಗೂ ಸೊನ್ನೆ ಇಲ್ಲಾ ಒಂದು, ಕನಿಷ್ಠ ಒಂದು ಅಂಕಿ ಇರ್ಬೇಕು ಅಂತ ಇದರ ಅರ್ಥ. ಪೈಥಾನಲ್ಲಿ ಆ ಡಾಲರ್ ಗುರುತು ಕೊನೇಲಿರೋ ಒಂದು ಹೊಸ ಸಾಲಿನ ಗುರುತನ್ನ ಒಳಗೆ ಬಿಟ್ಕೊಳ್ಳತ್ತೆ, ಅದಕ್ಕೆ ಅಲ್ಲಿ ಫುಲ್‌ಮ್ಯಾಚ್ ಬಳಸಿ. ಖಾಲಿ ಸ್ಟ್ರಿಂಗಿಗೂ ಈ ರೆಗೆಕ್ಸ್ ತಡೆ ಹಾಕತ್ತೆ, ಅದೂ ಮುಖ್ಯ, ಯಾಕಂದ್ರೆ ಖಾಲಿ ಸ್ಟ್ರಿಂಗ್ ಕೊಟ್ರೆ ಪೈಥಾನ್ ಮತ್ತೆ ಜಾವಾ ಎರರ್ ಕೊಡ್ತವೆ, ರೂಬಿಯ ಟು_ಐ 0 ಅನ್ನತ್ತೆ, ಜಾವಾಸ್ಕ್ರಿಪ್ಟಿನ ಪಾರ್ಸ್‌ಇಂಟ್ ಎನ್‌ಎಎನ್ (ಇದು ಸಂಖ್ಯೆ ಅಲ್ಲ) ಅನ್ನತ್ತೆ, ಅದೇ ಜಾವಾಸ್ಕ್ರಿಪ್ಟಿನ ನಂಬರ್ ಫಂಕ್ಷನ್ 0 ಅನ್ನತ್ತೆ. ಮಾಹಿತಿ ಇಲ್ಲ ಅನ್ನೋದೂ ಬೆಲೆ ಸೊನ್ನೆ ಅನ್ನೋದೂ ಬೇರೆ ಬೇರೆ, ಅವೆರಡು ಬೆರೆತು ಹೋದ್ರೆ ಆಮೇಲೆ ಬಿಡಿಸೋಕೆ ಆಗಲ್ಲ.

ಕನ್ನಡದಲ್ಲಿ ಟೈಪ್ ಮಾಡೋ ನಮಗೆ ಇನ್ನೊಂದು ವಿಷಯ ಗೊತ್ತಿರ್ಬೇಕು. ಯಾರಾದ್ರೂ ಕನ್ನಡ ಕೀಬೋರ್ಡಲ್ಲೇ ೧೦೧ ಅಂತ ಟೈಪ್ ಮಾಡಿದ್ರೆ? ಯೂನಿಕೋಡಲ್ಲಿ ಕನ್ನಡ ಸೊನ್ನೆಯ ಕೋಡ್ 3302, ಒಂದರದ್ದು 3303. ಪೈಥಾನಿನ ಇಂಟ್ ಇದನ್ನ ಅಂಕಿ ಅಂತ ಗುರುತಿಸಿ ಸರಿಯಾಗಿ 5 ಕೊಡತ್ತೆ, ಜಾವಾನೂ ಕೊಡತ್ತೆ, ಜಾವಾಸ್ಕ್ರಿಪ್ಟ್ ಎನ್‌ಎಎನ್ ಅನ್ನತ್ತೆ, ನಾವೇ ಬರೆದ ಲೂಪ್ 3303ರಿಂದ 48 ಕಳೆದು 3255 ಅಂತ ಅಂಕಿ ತೆಗೆಯತ್ತೆ, ಪರೀಕ್ಷೆ ಮಾಡೋ ಸಾಲು ಇದ್ದಿದ್ದಕ್ಕೆ ಎರರ್ ಕೊಟ್ಟು ನಿಲ್ಲತ್ತೆ. ಇನ್ನೂ ಸೂಕ್ಷ್ಮ ಏನಂದ್ರೆ ಕನ್ನಡದ ಸೊನ್ನೆ ೦ ಮತ್ತೆ ಅನುಸ್ವಾರ ನೋಡೋಕೆ ಒಂದೇ ಥರ, ಟೈಪ್ ಮಾಡೋವಾಗ ಸೊನ್ನೆ ಬದಲು ಅನುಸ್ವಾರ ಬಂದ್ರೆ ಕಣ್ಣಿಗೆ ವ್ಯತ್ಯಾಸನೇ ಗೊತ್ತಾಗಲ್ಲ, ಆದ್ರೆ ಅನುಸ್ವಾರದ ಕೋಡ್ 3202, ಅದು ಅಂಕಿನೇ ಅಲ್ಲ, ಪೈಥಾನೂ ಒಪ್ಪಲ್ಲ. ಹಾಗೇ ಕಣ್ಣಿಗೆ ಕಾಣದೇ ಇರೋ ಜೀರೋ ವಿಡ್ತ್ ಅಕ್ಷರಗಳು, ಕಾಪಿ ಪೇಸ್ಟ್ ಮಾಡಿದಾಗ ಜೊತೆಗೆ ಬಂದು ಕೂತ್ಕೊಳ್ಳತ್ವೆ, ಸ್ಪೇಸ್ ತೆಗೆಯೋ ಟ್ರಿಮ್ ಅವನ್ನ ತೆಗೆಯಲ್ಲ. ಸ್ಟ್ರಿಂಗ್ ಸರಿಯಾಗೇ ಕಾಣ್ತಿದೆ ಆದ್ರೂ ಎರರ್ ಬರ್ತಿದೆ ಅಂದ್ರೆ ಮೊದ್ಲು ಸ್ಟ್ರಿಂಗಿನ ಉದ್ದ ಪ್ರಿಂಟ್ ಮಾಡಿ, ಆಮೇಲೆ ಒಂದೊಂದೇ ಅಕ್ಷರದ ಕೋಡ್ ಪ್ರಿಂಟ್ ಮಾಡಿ, 48 ಮತ್ತೆ 49 ಬಿಟ್ಟು ಬೇರೆ ಏನಾದ್ರೂ ಕಂಡ್ರೆ ಕಳ್ಳ ಸಿಕ್ಕ ಹಾಗೆ.

ಜಾವಾಸ್ಕ್ರಿಪ್ಟಲ್ಲಿ ಪಟ್ಟಿ ಕನ್ವರ್ಟ್ ಮಾಡೋರಿಗೆ ಇನ್ನೊಂದು ಮಾತು. ['10','10','10'] ಅನ್ನೋ ಅರೇಗೆ ಮ್ಯಾಪ್ ಒಳಗೆ ನೇರ ಪಾರ್ಸ್‌ಇಂಟ್ ಅಂತ ಹೆಸರು ಹಾಕಿ ಬಿಟ್ರೆ ಬರೋದು 10, ಎನ್‌ಎಎನ್, 2. ಮ್ಯಾಪ್ ತನ್ನ ಫಂಕ್ಷನ್‌ಗೆ ಎರಡನೇ ಬೆಲೆಯಾಗಿ ಅರೇಯ ಸ್ಥಾನದ ಸಂಖ್ಯೆ ಕೊಡತ್ತೆ, ಪಾರ್ಸ್‌ಇಂಟ್ ಅದನ್ನ ಬೇಸ್ ಅಂತ ತಿಳ್ಕೊಳ್ಳತ್ತೆ, ಬೇಸ್ 0 ಅಂದ್ರೆ ಹತ್ತು, ಬೇಸ್ 1 ಅನ್ನೋದು ಇಲ್ಲ, ಬೇಸ್ 2ಕ್ಕೆ ಉತ್ತರ 2. ಚಿಕ್ಕ ಫಂಕ್ಷನ್ ಬರೆದು ಅದರೊಳಗೆ ಬೇಸ್ 2 ಅಂತ ಸ್ಪಷ್ಟವಾಗಿ ಕೊಡಿ.

ಹಂತ 5: ಎಷ್ಟು ಉದ್ದ ತಡ್ಕೊಳ್ಳತ್ತೆ?

ಜಾವಾದ ಸಾಮಾನ್ಯ ಇಂಟ್ 32 ಬಿಟ್, ಅದರಲ್ಲಿ ಒಂದು ಬಿಟ್ ಚಿಹ್ನೆಗೆ ಹೋದ್ರೆ ಉಳಿಯೋದು 31. ಅಂದ್ರೆ 31 ಒಂದುಗಳ ಸ್ಟ್ರಿಂಗ್ 2147483647, ಅದೇ ಗರಿಷ್ಠ. 32 ಒಂದುಗಳು ಕೊಟ್ರೆ ಪಾರ್ಸ್‌ಇಂಟ್ ಎರರ್ ಎಸೀತದೆ. ಆಗ ಲಾಂಗ್.ಪಾರ್ಸ್‌ಲಾಂಗ್ ಬಳಸಿ, ಅದೂ ಸಾಲ್ದಿದ್ರೆ ಬಿಗ್‌ಇಂಟಿಜರ್. ಸಿ ಭಾಷೆಲಿ ಲಾಂಗ್ ಅನ್ನೋದು 64 ಬಿಟ್ ಲಿನಕ್ಸಲ್ಲಿ 64 ಬಿಟ್ ಅಗಲ, 64 ಬಿಟ್ ವಿಂಡೋಸಲ್ಲಿ 32 ಬಿಟ್ ಅಗಲ, ಒಂದೇ ಕೋಡ್ ಎರಡು ಕಡೆ ಎರಡು ಉತ್ತರ ಕೊಡೋದು ಇದಕ್ಕೇ. ಮಿತಿ ಮೀರಿದ್ರೆ ಅದು ಗರಿಷ್ಠ ಬೆಲೆ ಕೊಟ್ಟು ಎರ್‌ನೋ ಅನ್ನೋ ವೇರಿಯಬಲಲ್ಲಿ ಇರೇಂಜ್ ಅಂತ ಗುರುತು ಹಾಕಿ ಹೋಗತ್ತೆ, ಆ ಗುರುತನ್ನ ನೋಡೋ ಕೆಲಸ ನಮ್ಮದು.

ಜಾವಾಸ್ಕ್ರಿಪ್ಟಲ್ಲಿ ಎರರೂ ಬರಲ್ಲ, ಮಿತಿನೂ ಕಾಣಲ್ಲ, ಸದ್ದಿಲ್ದೆ ಕೊನೆ ಅಂಕಿ ತಪ್ಪಾಗತ್ತೆ. ಅಲ್ಲಿ ಇಂಟಿಜರ್ ನಂಬಿಕೆ ಇಡಬಹುದಾದ್ದು 9007199254740991 ತನಕ, ಅಂದ್ರೆ 53 ಒಂದುಗಳು. ಒಂದು, ನಡುವೆ 52 ಸೊನ್ನೆ, ಕೊನೇಲಿ ಒಂದು, ಹೀಗೆ 54 ಅಂಕಿಯ ಸ್ಟ್ರಿಂಗ್ ಕೊಟ್ಟು ನೋಡಿ, 9007199254740993 ಬರ್ಬೇಕು, ಬರೋದು 9007199254740992. 53 ದಾಟೋ ಸಾಧ್ಯತೆ ಇದ್ರೆ ಮುಂದೆ 0ಬಿ ಅಂಟಿಸಿ ಬಿಗ್‌ಇಂಟ್ ಫಂಕ್ಷನ್‌ಗೆ ಕೊಡಿ, ಅದು ಎಷ್ಟು ಉದ್ದ ಆದ್ರೂ ಸರಿಯಾಗಿ ಮಾಡತ್ತೆ.

ಪೈಥಾನಲ್ಲಿ ಈ ಚಿಂತೆ ಇಲ್ಲ, ಇಂಟಿಜರ್ ಎಷ್ಟು ಬೇಕಾದ್ರೂ ಬೆಳೆಯತ್ತೆ. ಆದ್ರೆ 20000 ಒಂದುಗಳ ಸ್ಟ್ರಿಂಗ್ ಕನ್ವರ್ಟ್ ಮಾಡಿ ಪ್ರಿಂಟ್ ಮಾಡೋಕೆ ಹೋದ್ರೆ 3.11ರಿಂದೀಚೆಗೆ ವ್ಯಾಲ್ಯೂಎರರ್ ಬರತ್ತೆ, ಜನ ಕನ್ವರ್ಷನ್ನೇ ಆಗ್ಲಿಲ್ಲ ಅಂದ್ಕೊಳ್ತಾರೆ. ಕನ್ವರ್ಷನ್ ಆಗಿದೆ, ಬೇಸ್ 2ಕ್ಕೆ ಮಿತಿ ಇಲ್ಲ, ಎರರ್ ಬಂದಿದ್ದು ಅದನ್ನ ದಶಮಾನದಲ್ಲಿ ಅಚ್ಚು ಹಾಕೋವಾಗ, ಅಲ್ಲಿ 4300 ಅಂಕಿಯ ಮಿತಿ ಇಟ್ಟಿದಾರೆ. ಇಂಥ ಉದ್ದದ ಸ್ಟ್ರಿಂಗಿಗೆ ನಮ್ಮ ಲೂಪನ್ನ ಬಳಸ್ಬೇಡಿ, ಪ್ರತಿ ಹೆಜ್ಜೆಗೂ ಇಡೀ ದೊಡ್ಡ ಸಂಖ್ಯೆನ ಮತ್ತೆ ಕಟ್ಬೇಕಾಗತ್ತೆ, ಉದ್ದ ಎರಡು ಪಟ್ಟಾದ್ರೆ ಕೆಲಸ ಹೆಚ್ಚುಕಮ್ಮಿ ನಾಲ್ಕು ಪಟ್ಟಾಗತ್ತೆ.

ಹಂತ 6: ಮೈನಸ್ ಸಂಖ್ಯೆ ಆಗಿದ್ರೆ

'-101' ಅಂತ ಮುಂದೆ ಚಿಹ್ನೆ ಬರೆದಿದ್ರೆ ಸುಲಭ, ಹೆಚ್ಚಿನ ಭಾಷೆಗಳು ನೇರ -5 ಕೊಡ್ತವೆ. ಕಷ್ಟ ಇರೋದು ಹಾರ್ಡ್‌ವೇರಿಂದ ಬರೋ ಸ್ಟ್ರಿಂಗಲ್ಲಿ, ಅಲ್ಲಿ ಚಿಹ್ನೆ ಇರಲ್ಲ, ಟೂಸ್ ಕಾಂಪ್ಲಿಮೆಂಟ್ ಪದ್ಧತಿ ಇರತ್ತೆ. ಅಂದ್ರೆ ಮೊದಲ ಬಿಟ್ಟಿನ ಬೆಲೆಯನ್ನ ಕೂಡೋ ಬದಲು ಕಳೀಬೇಕು.

'11111011' ತಗೊಳ್ಳಿ. ಸುಮ್ನೆ ಕನ್ವರ್ಟ್ ಮಾಡಿದ್ರೆ 251. ಇದು ಎಂಟು ಬಿಟ್ ಚಿಹ್ನೆಯಿರೋ ಸಂಖ್ಯೆ ಅಂತ ನಮಗೆ ಗೊತ್ತಿದ್ರೆ ಮೊದಲ ಬಿಟ್ 1 ಇದೆಯಾ ನೋಡ್ಬೇಕು, ಇದ್ರೆ ಎರಡರ ಎಂಟನೇ ಘಾತ 256 ಕಳೀಬೇಕು (ಆ ಬಿಟ್ಟಿನ 128ನ್ನ ಆಗ್ಲೇ ಕೂಡಿದ್ದಾಗಿದೆ, ಅದನ್ನ ತೆಗೆಯೋಕೆ ಒಂದ್ಸಲ, ಕಳೆಯೋಕೆ ಇನ್ನೊಂದ್ಸಲ), 251 - 256 = -5. ಅಷ್ಟೇ ಲೆಕ್ಕ:

ಬೆಲೆ = ಇಂಟ್(ಸ್ಟ್ರಿಂಗ್, 2)
ಸ್ಟ್ರಿಂಗಿನ ಮೊದಲ ಅಕ್ಷರ '1' ಆಗಿದ್ರೆ:
    ಬೆಲೆ = ಬೆಲೆ - (1 << ಅಗಲ)

ಈಗ '1011' ನೋಡಿ. ಚಿಹ್ನೆ ಇಲ್ಲದ್ದು ಅಂದ್ರೆ 11. ನಾಲ್ಕು ಬಿಟ್ಟಿನ ಚಿಹ್ನೆಯಿರೋದು ಅಂದ್ರೆ 11 - 16 = -5. ಎಂಟು ಬಿಟ್ಟಿನದು, ಮುಂದಿನ ಸೊನ್ನೆಗಳನ್ನ ಯಾರೋ ಕತ್ತರಿಸಿದಾರೆ ಅಂದ್ರೆ ಮತ್ತೆ 11. ಒಂದೇ ನಾಲ್ಕು ಅಕ್ಷರ, ಎರಡು ಉತ್ತರ, ಎರಡೂ ಸರಿ. ಸ್ಟ್ರಿಂಗನ್ನ ಎಷ್ಟು ಹೊತ್ತು ನೋಡ್ತಾ ಕೂತ್ರೂ ಯಾವ್ದು ಅಂತ ಹೇಳೋಕಾಗಲ್ಲ, ಅದನ್ನ ಕಳಿಸಿದವರನ್ನ ಕೇಳ್ಬೇಕು ಇಲ್ಲಾ ಆ ಸಾಧನದ ಡೇಟಾಶೀಟ್ ತೆಗೆದು ನೋಡ್ಬೇಕು. ಅದಕ್ಕೇ ಫಂಕ್ಷನ್ ಬರೆಯೋವಾಗ ಅಗಲವನ್ನ ಸ್ಟ್ರಿಂಗ್ ಉದ್ದದಿಂದ ಊಹೆ ಮಾಡ್ಬೇಡಿ, ಬೇರೆಯಾಗಿ ಕೇಳಿ ತಗೊಳ್ಳಿ, ಉದ್ದ ಅದಕ್ಕೆ ಹೊಂದದಿದ್ರೆ ಎರರ್ ಕೊಡಿ.

ಭಾಷೆಗಳೂ ಇಲ್ಲಿ ಒಂದೇ ಥರ ಇಲ್ಲ. ಸಿ ಶಾರ್ಪಿನ ಕನ್ವರ್ಟ್.ಟುಇಂಟ್32 ಫಂಕ್ಷನ್‌ಗೆ 32 ಒಂದುಗಳು ಕೊಟ್ರೆ -1 ಕೊಡತ್ತೆ, ಜಾವಾ ಅದೇ ಸ್ಟ್ರಿಂಗಿಗೆ ಎರರ್ ಎಸೀತದೆ, ಜಾವಾ 8ರಿಂದ ಇರೋ ಪಾರ್ಸ್‌ಅನ್‌ಸೈನ್ಡ್‌ಇಂಟ್ ಬಳಸಿದ್ರೆ ಮಾತ್ರ ಅಲ್ಲೂ -1. ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಸಾಗಿಸೋವಾಗ ಇದನ್ನ ಮರೀಬೇಡಿ.

ಹಂತ 7: ಒಂದಕ್ಕಿಂತ ಹೆಚ್ಚು ಬೈಟ್ ಇದ್ರೆ

'00000001 00000000' ಅಂತ ಎರಡು ಬೈಟ್ (ಎಂಟೆಂಟು ಬಿಟ್ಟಿನ ತುಂಡು) ಬಂತು ಅಂದ್ಕೊಳ್ಳಿ. ಮೊದಲು ಸ್ಪೇಸಲ್ಲಿ ಒಡೆದು ಒಂದೊಂದು ತುಂಡನ್ನೂ ಬೇರೆ ಬೇರೆ ಕನ್ವರ್ಟ್ ಮಾಡಿ, 1 ಮತ್ತೆ 0 ಸಿಗತ್ತೆ. ಎರಡೂ ಸೇರಿ ಒಂದೇ ಸಂಖ್ಯೆ ಆಗಿದ್ರೆ, ದೊಡ್ಡ ಬೆಲೆಯ ಬೈಟ್ ಮೊದಲು ಬರೋ ಪದ್ಧತಿಲಿ 1 × 256 + 0 = 256, ಚಿಕ್ಕ ಬೆಲೆಯ ಬೈಟ್ ಮೊದಲು ಬರೋ ಪದ್ಧತಿಲಿ 1 + 0 × 256 = 1. ಇವಕ್ಕೆ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಅಂತಾರೆ. ಬಿಟ್ ಮಟ್ಟದಲ್ಲೂ ಈ ಗೊಂದಲ ಇದೆ, ಯುಎಆರ್‌ಟಿ ಸೀರಿಯಲ್ ಸಂಪರ್ಕದಲ್ಲಿ (ತಂತಿ ಮೇಲೆ ಒಂದೊಂದೇ ಬಿಟ್ ಕಳಿಸೋದು) ಸಾಮಾನ್ಯವಾಗಿ ಚಿಕ್ಕ ಬೆಲೆಯ ಬಿಟ್ ಮೊದಲು ಹೋಗತ್ತೆ, ತಂತಿ ಮೇಲೆ ಕಂಡ ಕ್ರಮದಲ್ಲೇ ಸ್ಟ್ರಿಂಗ್ ಮಾಡಿದ್ರೆ ಅದನ್ನ ತಿರುಗಿಸಿ ಆಮೇಲೆ ಕನ್ವರ್ಟ್ ಮಾಡ್ಬೇಕು.

ತುಂಡುಗಳು ಸಂಖ್ಯೆ ಅಲ್ಲ, ಪಠ್ಯ ಆಗಿದ್ರೆ ಇನ್ನೊಂದು ಹೆಜ್ಜೆ ಇದೆ. '11100000 10110010 10010101' ಒಡೆದು ಕನ್ವರ್ಟ್ ಮಾಡಿದ್ರೆ 224, 178, 149. ಒಂದೊಂದನ್ನೂ ಬೇರೆ ಬೇರೆ ಅಕ್ಷರ ಮಾಡೋಕೆ ಹೋದ್ರೆ ಅರ್ಥ ಇಲ್ಲದ ಗುರುತುಗಳು ಬರ್ತವೆ, ಯಾಕಂದ್ರೆ ಇದು ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಯುಟಿಎಫ್-8 ಪದ್ಧತಿ, ಮೂರೂ ಬೈಟ್ ಸೇರಿ ಒಂದೇ ಅಕ್ಷರ. ಮೊದಲ ಬೈಟಿನ ಮುಂದಿರೋ 1110 ಅನ್ನೋದು ಮೂರು ಬೈಟ್ ಇದೆ ಅನ್ನೋ ಗುರುತು, ಮಿಕ್ಕ ಎರಡರ ಮುಂದಿರೋ 10 ಅನ್ನೋದು ಇದು ಮುಂದುವರಿಕೆ ಅನ್ನೋ ಗುರುತು. ಅವನ್ನ ತೆಗೆದು ಉಳಿದ ಬಿಟ್‌ಗಳನ್ನ ಸಾಲಾಗಿ ಜೋಡಿಸಿ: 0000, 110010, 010101. ಒಟ್ಟು 0000110010010101. ಬೇಸ್ 2ರಲ್ಲಿ ಕನ್ವರ್ಟ್ ಮಾಡಿದ್ರೆ 3221, ಅದು ನಮ್ಮ ಕ ಅಕ್ಷರದ ಯೂನಿಕೋಡ್ ಸಂಖ್ಯೆ. ಮೊದಲ ಸಲ ಇದನ್ನ ಕೈಯಲ್ಲಿ ಬಿಡಿಸಿ ಕ ಬಂದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ನಿಜವಾದ ಕೆಲಸದಲ್ಲಿ ಮೂರು ಸಂಖ್ಯೆಗಳನ್ನ ಬೈಟ್ಸ್ ಮಾಡಿ ಯುಟಿಎಫ್-8 ಡಿಕೋಡ್‌ಗೆ ಕೊಟ್ರೆ ಸಾಕು.

ಹಂತ 8: ಪರೀಕ್ಷೆ

ಕೋಡ್ ಮುಗಿದ ಮೇಲೆ ಈ ಕೆಲವನ್ನ ಕೊಟ್ಟು ನೋಡಿ: '0', '1', '101101', ಮುಂದೆ ಸೊನ್ನೆಗಳಿರೋ '00000101', ಖಾಲಿ ಸ್ಟ್ರಿಂಗ್, ಬರೀ ಸ್ಪೇಸ್, '1012', ನಿಮ್ಮ ಅಗಲಕ್ಕೆ ಸರಿಯಾಗಿ ತುಂಬೋಷ್ಟು ಒಂದುಗಳು, ಅದಕ್ಕಿಂತ ಒಂದು ಜಾಸ್ತಿ. ಆಮೇಲೆ 0ಯಿಂದ 255ರವರೆಗಿನ ಪ್ರತಿ ಸಂಖ್ಯೆನೂ ಬೈನರಿ ಸ್ಟ್ರಿಂಗ್ ಮಾಡಿ, ವಾಪಸ್ ಇಂಟಿಜರ್ ಮಾಡಿ, ಅದೇ ಸಂಖ್ಯೆ ಬಂತಾ ಅಂತ ಲೂಪಲ್ಲಿ ನೋಡಿ, ಬರೀ 256 ಸಲ, ಕಣ್ಣು ಮಿಟುಕಿಸೋದ್ರೊಳಗೆ ಮುಗಿಯತ್ತೆ.

ತಿರುಗಿಸಿ ನೋಡೋವಾಗ ಒಂದು ಕಡೆ ಹುಷಾರು. '00000101' ಇಂಟಿಜರ್ ಆದ್ರೆ 5, ಆ 5ನ್ನ ಮತ್ತೆ ಬೈನರಿ ಮಾಡಿದ್ರೆ '101', ಮುಂದಿದ್ದ ಐದು ಸೊನ್ನೆಗಳು ಹೋಗಿರ್ತವೆ. ಎರಡು ಸ್ಟ್ರಿಂಗ್ ಹೋಲಿಸಿದ್ರೆ ಪರೀಕ್ಷೆ ಫೇಲ್ ಆಗತ್ತೆ, ಕೋಡ್ ಸರಿಯಾಗೇ ಇದ್ರೂ. ಮುಂದೆ ಸೊನ್ನೆ ತುಂಬಿ ಅಗಲ ಸರಿ ಮಾಡ್ಕೊಂಡು ಹೋಲಿಸಿ, ಪೈಥಾನಲ್ಲಿ ಝೀಫಿಲ್(8), ಜಾವಾಸ್ಕ್ರಿಪ್ಟಲ್ಲಿ ಪ್ಯಾಡ್‌ಸ್ಟಾರ್ಟ್(8, '0'). ಆ ಎಂಟು ಎಲ್ಲಿಂದ ಬಂತು ಅಂದ್ರೆ ಆರನೇ ಹಂತದಲ್ಲಿ ಬೇರೆಯಾಗಿ ಕೇಳಿ ತಗೊಂಡಿದ್ದ ಅಗಲ, ಅದನ್ನ ಒಂದು ಕಡೆ ಹೆಸರಿಟ್ಟು ಬರ್ದಿಟ್ಕೊಂಡು ಎರಡೂ ದಿಕ್ಕಿಗೆ ಅದನ್ನೇ ಬಳಸಿ.